ಮರುಕಳಿಸುವ ಖಿನ್ನತೆ ಮತ್ತು ದ್ವಿಧ್ರುವಿ ಮನೋವ್ಯಾಧಿ

ಮರುಕಳಿಸುವ ಖಿನ್ನತೆ ಮತ್ತು ದ್ವಿಧ್ರುವಿ ಮನೋವ್ಯಾಧಿ ಮನಃಸ್ಥಿತಿಯ ತೀವ್ರ ಏರುಪೇರಿನಿಂದ ಗುರುತಿಸಲ್ಪಡುವ ಎರಡು ಕಾಯಿಲೆಗಳು. ಎರಡನೆಯದನ್ನು ಬೈಪೋಲಾರ್ ಕಾಯಿಲೆ ಎಂದೂ ಕರೆಯುತ್ತಾರೆ. ಇವು ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತವೆ. ಎರಡು ಕಂತುಗಳ ನಡುವೆ ವ್ಯಕ್ತಿಯು ಬಹುಮಟ್ಟಿಗೆ ಆರೋಗ್ಯವಂತನಾಗಿರಬಹುದು. ಆದ್ದರಿಂದ ಕಾಯಿಲೆಯ ತೀವ್ರತೆಯನ್ನು ಒಂದು ಕಂತಿನಿಂದಷ್ಟೇ ಅಳೆಯದೆ, ಹಲವು ವರ್ಷಗಳ ಅದರ ಗತಿಯಿಂದಲೂ ಅಳೆಯಬೇಕಾಗುತ್ತದೆ.

ಇತಿಹಾಸ

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ಉನ್ಮಾದ ಮತ್ತು ಖಿನ್ನತೆಗಳನ್ನು ಒಂದೇ ವ್ಯಾಧಿಯ ಅಡಿಯಲ್ಲಿ ತಂದರು. ಈ ವರ್ಗೀಕರಣಕ್ಕೆ ಅವರು ಮುಖ್ಯವಾಗಿ ಆಧರಿಸಿದ್ದು ಕಾಯಿಲೆಯ ಗತಿಯನ್ನು. 1966ರಲ್ಲಿ ಜೂಲ್ಸ್ ಆಂಗ್ಸ್ಟ್ ಮತ್ತು ಕಾರ್ಲೊ ಪೆರಿಸ್ ಪ್ರತ್ಯೇಕವಾಗಿ ನಡೆಸಿದ ಅಧ್ಯಯನಗಳು, ಖಿನ್ನತೆ ಮಾತ್ರ ಮರುಕಳಿಸುವ ಕಾಯಿಲೆಯೂ ಉನ್ಮಾದವನ್ನೊಳಗೊಂಡ ಕಾಯಿಲೆಯೂ ಬೇರೆ ಬೇರೆ ಎಂದು ತೋರಿಸಿದವು.

ಲಕ್ಷಣಗಳು ಮತ್ತು ತೀವ್ರತೆ

ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಮತ್ತು ಹಸಿವಿನ ವ್ಯತ್ಯಾಸ, ನಿಶ್ಶಕ್ತಿ, ಅಪರಾಧಿ ಭಾವ, ಸಾವಿನ ಯೋಚನೆ ಇವು ಖಿನ್ನತೆಯ ಲಕ್ಷಣಗಳು. ಇವುಗಳಲ್ಲಿ ಹಲವು ಕನಿಷ್ಠ ಎರಡು ವಾರ ಉಳಿದರೆ ಅದನ್ನು ಖಿನ್ನತೆಯ ಕಂತೆಂದು ಪರಿಗಣಿಸುತ್ತಾರೆ. ಉನ್ಮಾದದಲ್ಲಿ ನಿದ್ರೆಯ ಅಗತ್ಯವೇ ಕಡಿಮೆಯಾಗುತ್ತದೆ; ಮಾತು ಮತ್ತು ಯೋಚನೆಗಳು ವೇಗ ಪಡೆಯುತ್ತವೆ; ಹಣವನ್ನು ಹಿಂದುಮುಂದು ನೋಡದೆ ಖರ್ಚು ಮಾಡುವುದು, ಅತಿಯಾದ ಆತ್ಮವಿಶ್ವಾಸ, ಸಿಡುಕು ಕಾಣುತ್ತವೆ. ಇದು ಸಾಮಾನ್ಯವಾಗಿ ಒಂದು ವಾರವಾದರೂ ಇರುತ್ತದೆ. ಕಡಿಮೆ ತೀವ್ರತೆಯದನ್ನು ಲಘು ಉನ್ಮಾದ ಎನ್ನುತ್ತಾರೆ.

ಖಿನ್ನತೆಯನ್ನು ಸೌಮ್ಯ, ಮಧ್ಯಮ, ತೀವ್ರ ಎಂದು ವಿಂಗಡಿಸಲಾಗುತ್ತದೆ. 1960ರಲ್ಲಿ ಪ್ರಕಟವಾದ ಹ್ಯಾಮಿಲ್ಟನ್ ಮಾಪಕವು ಅದರ ತೀವ್ರತೆಯನ್ನೂ, 1978ರ ಯಂಗ್ ಮಾಪಕವು ಉನ್ಮಾದದ ತೀವ್ರತೆಯನ್ನೂ ಅಳೆಯಲು ಬಳಕೆಯಲ್ಲಿವೆ.

ಗತಿ

ಖಿನ್ನತೆಯ ಮೊದಲ ಕಂತಿನ ಬಳಿಕ ಸುಮಾರು ಅರ್ಧದಷ್ಟು ಜನರಲ್ಲಿ ಅದು ಮರುಕಳಿಸುತ್ತದೆ. ಪ್ರತಿ ಕಂತಿನ ನಂತರ ಮರುಕಳಿಸುವ ಸಂಭವ ಹೆಚ್ಚುತ್ತದೆ. ದ್ವಿಧ್ರುವಿ ಮನೋವ್ಯಾಧಿಯ ಬಗ್ಗೆ ಅಮೆರಿಕದಲ್ಲಿ ನಡೆದ ದೀರ್ಘಕಾಲಿಕ ಅಧ್ಯಯನದಲ್ಲಿ, ರೋಗಿಗಳು ಸುಮಾರು 13 ವರ್ಷಗಳಲ್ಲಿ ಅರ್ಧದಷ್ಟು ವಾರಗಳನ್ನು ಯಾವುದಾದರೂ ಲಕ್ಷಣದೊಂದಿಗೆ ಕಳೆದದ್ದು ಕಂಡುಬಂತು. ಖಿನ್ನತೆಯ ವಾರಗಳು ಉನ್ಮಾದದ ವಾರಗಳಿಗಿಂತ ಮೂರು ಪಟ್ಟು ಹೆಚ್ಚಿದ್ದವು. ಭಾರತದ ಹಲವು ಅಧ್ಯಯನಗಳಲ್ಲಿ ಉನ್ಮಾದದ ಪ್ರಾಧಾನ್ಯವೇ ಹೆಚ್ಚು ಕಂಡಿದೆ. ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಕಂತುಗಳು ಬಂದರೆ ಅದು ಶೀಘ್ರ ಆವರ್ತನ ಎನಿಸುತ್ತದೆ.

ಮೊದಲು ಖಿನ್ನತೆಯಾಗಿ ಕಾಣಿಸಿದ್ದು ಮುಂದೆ ದ್ವಿಧ್ರುವಿ ಕಾಯಿಲೆ ಎಂದು ತಿಳಿಯಬಹುದು. ಅಂಥವರಿಗೆ ಖಿನ್ನತಾನಿವಾರಕ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ಹಿಂದೆ ಲಘು ಉನ್ಮಾದದ ದಿನಗಳಿದ್ದವೇ ಎಂದು ಮನೆಯವರನ್ನೂ ಕೇಳುವುದು ಇದಕ್ಕಾಗಿ.

ಚಿಕಿತ್ಸೆ

ಲಿಥಿಯಂ ಉನ್ಮಾದವನ್ನು ಶಮನಗೊಳಿಸುವುದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಮರುಕಳಿಕೆಯನ್ನು ತಡೆಯಲು ಅದು ಇಂದಿಗೂ ಪ್ರಮುಖ ಔಷಧ. ಇದನ್ನು ಸೇವಿಸುವವರು ರಕ್ತಪರೀಕ್ಷೆಯನ್ನು ನಿಯಮಿತವಾಗಿ ಮಾಡಿಸಬೇಕು. ಮನೋಚಿಕಿತ್ಸೆ, ನಿಯತ ನಿದ್ರೆ ಮತ್ತು ಕುಟುಂಬದ ತಿಳಿವಳಿಕೆ ಔಷಧಕ್ಕೆ ಪೂರಕ. ಗುಣವಾಯಿತೆಂದು ಭಾವಿಸಿ ಔಷಧವನ್ನು ಏಕಾಏಕಿ ನಿಲ್ಲಿಸುವುದು ಮರುಕಳಿಕೆಗೆ ಸಾಮಾನ್ಯ ಕಾರಣ. ನೆಮ್ಮದಿಯ ಅವಧಿಯೂ ಚಿಕಿತ್ಸೆಯ ಭಾಗವೇ.

ಕರ್ನಾಟಕದಲ್ಲಿ

1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ನೀಡುವ ಪ್ರಯೋಗ ನಡೆಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದರು. ಖಿನ್ನತೆ ಇದ್ದವರಲ್ಲಿ ಸುಮಾರು 85% ಮಂದಿಗೂ, ದ್ವಿಧ್ರುವಿ ಕಾಯಿಲೆ ಇದ್ದವರಲ್ಲಿ ಸುಮಾರು 70% ಮಂದಿಗೂ ಚಿಕಿತ್ಸೆ ದೊರೆತಿರಲಿಲ್ಲ.

ಹಾಸನ ಜಿಲ್ಲೆಯ ಹಳೇಬೀಡಿನಂಥ ಹೋಬಳಿ ಊರಿನಲ್ಲಿ ಪ್ರಶ್ನೆ ಚಿಕಿತ್ಸೆ ಆರಂಭಿಸುವುದಷ್ಟೇ ಅಲ್ಲ, ವರ್ಷಗಟ್ಟಲೆ ಮುಂದುವರಿಸುವುದು. ಪ್ರತಿ ತಿಂಗಳು ಹಾಸನಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಆರೋಗ್ಯವಾಗಿರುವಾಗ ಆ ಪ್ರಯಾಣ ಅನಗತ್ಯವೆನಿಸುವುದು ಸಹಜ. ಈ ಅಂತರವನ್ನು ಕಡಿಮೆ ಮಾಡಲು ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆಯನ್ನು ರೂಪಿಸಲಾಗಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಆತ್ಮಹತ್ಯೆಯ ಯೋಚನೆ ಕಂಡುಬಂದಲ್ಲಿ ರೋಗಿಯನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ನೆರವು ಪಡೆಯಬೇಕು.