ಸಂಸಾರವನ್ನು ಕರೆದೊಯ್ಯುವ ಹಕ್ಕು



ಕೆಲವು ವಾರಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ನಿಸಮೇತನಾಗಿ ನಮ್ಮ ಮನೆಗೆ ಬಂದಿದ್ದ. ಅವನಿಗೆ ಹೊರದೇಶದಲ್ಲಿ ಒಳ್ಳೆಯ ಉದ್ಯೋಗ ದೊರೆತಿದೆ. ಹೆಂಡತಿ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕೆಂಬುದು ಅವನ ಹಠ. ಅದಕ್ಕೆ ವಿವಾಹ ನೋಂದಣಿ ಪತ್ರ ಬೇಕು. ಮದುವೆ ನಡೆದದ್ದು ಹನ್ನೆರಡು ವರ್ಷಗಳ ಹಿಂದೆ, ಊರಿನ ದೇವಸ್ಥಾನದ ಸಭಾಭವನದಲ್ಲಿ. ನಾನೂ ಅಕ್ಷತೆ ಹಾಕಿ, ಊಟ ಮಾಡಿ ಬಂದವನೇ. ಮದುವೆಗಳೆಲ್ಲವೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿದ್ದರೂ ನಮ್ಮ ಕಡೆ ಎಷ್ಟು ಜನ ಅದನ್ನು ಮನಸ್ಸಿಗೆ ಹಚ್ಚಿಕೊಂಡರು? ಇವನೂ ಮಾಡಿಸಿರಲಿಲ್ಲ. "ಸರ್, ನೀವು ಮದುವೆಗೆ ಬಂದಿದ್ದಿರಲ್ಲ, ಸಾಕ್ಷಿಯಾಗಿ ಒಂದು ಸಹಿ ಹಾಕಿಕೊಡಬೇಕು" ಎಂದ.

ನಾನು ಕನ್ನಡಕ ಹುಡುಕುತ್ತಿದ್ದಾಗ ಆ ಹೆಣ್ಣುಮಗಳು ನಗುತ್ತ ಹೇಳಿದಳು: "ಎರಡು ಮಕ್ಕಳಾದ ಮೇಲೆ ನಾನು ಇವರ ಹೆಂಡತಿ ಹೌದೋ ಅಲ್ಲವೋ ಎಂದು ಕಾಗದ ಹೇಳಬೇಕಂತೆ ಸರ್."

ಅವಳು ಹೇಳಿದ್ದು ತಮಾಷೆಗೆ. ಆದರೆ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇದೇ ಮಾತಿಗಾಗಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ದೇಶದ ಹೆಣ್ಣುಮಕ್ಕಳು ಪರದೇಶದ ಸೆರೆಮನೆ ಸೇರಿದ್ದರು. ಮೂವತ್ತು ವರ್ಷಗಳ ಕಾಲ ನಾನು ಆ ಪಾಠವನ್ನು ಮಾಡಿದ್ದೇನೆ. 'ದಕ್ಷಿಣ ಆಫ್ರಿಕಾದ ಸತ್ಯಾಗ್ರಹಕ್ಕೆ ಕಾರಣಗಳು: ಒಂದು, ಮೂರು ಪೌಂಡ್ ತೆರಿಗೆ, ಎರಡು, ವಿವಾಹಗಳ ಅಮಾನ್ಯತೆ' ಎಂದು ಟಿಪ್ಪಣಿ ಬರೆಸಿ, ಎರಡು ಅಂಕದ ಪ್ರಶ್ನೆ ಬರಬಹುದೆಂದು ಹೇಳಿ ಮುಂದಕ್ಕೆ ಹೋಗಿದ್ದೇನೆ. ಆ ಎರಡನೆಯ ಕಾರಣದ ಒಳಗೆ ಏನಿತ್ತೆಂಬುದನ್ನು ನಿಮಗೆ ಹೇಳಲಿಲ್ಲ. ಅದನ್ನು ಈಗ ಹೇಳುತ್ತೇನೆ.

ಮೊದಲು ಗಾಂಧೀಜಿಯವರ ಸಂಸಾರವನ್ನೇ ನೋಡೋಣ. 1888ರ ಸೆಪ್ಟೆಂಬರಿನಲ್ಲಿ ಮೋಹನದಾಸರು ಕಾನೂನು ವ್ಯಾಸಂಗಕ್ಕೆಂದು ಮುಂಬಯಿಯಿಂದ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪತ್ನಿ ಕಸ್ತೂರಬಾ ಹಾಗೂ ಹಸುಗೂಸು ಹರಿಲಾಲ ಊರಿನಲ್ಲಿಯೇ ಉಳಿದರು. ಓದಲು ಹೋಗುವವನು ಸಂಸಾರವನ್ನು ಕರೆದೊಯ್ಯುವುದೆಂಬುದು ಆ ಕಾಲದ ನಮ್ಮ ಮನೆಗಳಲ್ಲಿ ಯಾರ ಯೋಚನೆಗೂ ಬರುವಂಥದ್ದಾಗಿರಲಿಲ್ಲ. 1891ರಲ್ಲಿ ಮರಳಿದವರು 1893ರಲ್ಲಿ ಮತ್ತೆ ಒಂಟಿಯಾಗಿ ದಕ್ಷಿಣ ಆಫ್ರಿಕಾಕ್ಕೆ ತೆರಳಿದರು. ಒಂದು ವರ್ಷದ ಕೆಲಸವೆಂದು ಹೋದದ್ದು ಮೂರು ವರ್ಷವಾಯಿತು. 1896ರಲ್ಲಿ ಊರಿಗೆ ಬಂದು ಕಸ್ತೂರಬಾ, ಹರಿಲಾಲ, ಮಣಿಲಾಲ ಹಾಗೂ ವಿಧವೆಯಾಗಿದ್ದ ಅಕ್ಕನ ಮಗ ಗೋಕುಲದಾಸನನ್ನು ಕರೆದುಕೊಂಡು 'ಕೋರ್ಲ್ಯಾಂಡ್' ಎಂಬ ಹಡಗಿನಲ್ಲಿ ಹೊರಟರು.

ಆ ಪ್ರಯಾಣದ ಬಗ್ಗೆ ಆತ್ಮಕಥೆಯಲ್ಲಿ ಒಂದು ಸ್ವಾರಸ್ಯಕರ ವಿವರವಿದೆ. ಸುಧಾರಿಸಿದವರಂತೆ ಕಾಣಬೇಕೆಂದು ಅವರು ಪತ್ನಿಗೆ ಪಾರ್ಸಿ ಶೈಲಿಯ ಸೀರೆಯನ್ನೂ ಮಕ್ಕಳಿಗೆ ಪಾರ್ಸಿ ಕೋಟು ಷರಾಯಿಗಳನ್ನೂ ತೊಡಿಸಿದರು. ಎಲ್ಲರೂ ಕಾಲುಚೀಲ ಬೂಟು ಹಾಕಬೇಕು, ಚಾಕು ಮುಳ್ಳುಚಮಚಗಳಲ್ಲಿ ಉಣ್ಣಬೇಕು. ಕಾಲುಚೀಲ ಬೆವರಿನಿಂದ ನಾರುತ್ತಿತ್ತು, ಕಾಲು ನೋಯುತ್ತಿತ್ತು. ಹೊರದೇಶಕ್ಕೆ ಸಂಸಾರ ಹೂಡಲು ಹೊರಟ ಪ್ರತಿಯೊಬ್ಬ ಯಜಮಾನನ ಆತಂಕವೂ ಇದರಲ್ಲಿದೆಯಲ್ಲವೇ?

ಡಿಸೆಂಬರಿನಲ್ಲಿ ಹಡಗು ಡರ್ಬನ್ ತಲುಪಿತು. ಆದರೆ ಪ್ಲೇಗಿನ ನೆಪದಲ್ಲಿ ಸುಮಾರು 800 ಪ್ರಯಾಣಿಕರಿದ್ದ ಎರಡು ಹಡಗುಗಳನ್ನು ಮೂರು ವಾರಗಳಿಗೂ ಹೆಚ್ಚು ಕಾಲ ದಡಕ್ಕೆ ಬಿಡಲಿಲ್ಲ. 1897ರ ಜನವರಿ 13ರಂದು ಇಳಿದಾಗ ಕಸ್ತೂರಬಾ ಮತ್ತು ಮಕ್ಕಳನ್ನು ಗಾಡಿಯಲ್ಲಿ ಪಾರ್ಸಿ ರುಸ್ತುಮಜಿಯವರ ಮನೆಗೆ ಮೊದಲೇ ಕಳುಹಿಸಲಾಯಿತು. ಹಿಂದಿನಿಂದ ನಡೆದು ಬಂದ ಗಾಂಧಿಯವರ ಮೇಲೆ ಬಿಳಿಯರ ಗುಂಪು ಕಲ್ಲು, ಕೊಳೆತ ಮೊಟ್ಟೆ ಎಸೆದು, ಹಿಡಿದು ಹೊಡೆಯಿತು. ಪೊಲೀಸ್ ಸೂಪರಿಂಟೆಂಡೆಂಟರ ಪತ್ನಿ ಶ್ರೀಮತಿ ಅಲೆಗ್ಸಾಂಡರ್ ತಮ್ಮ ಕೊಡೆಯನ್ನು ಬಿಚ್ಚಿ ಅಡ್ಡ ನಿಂತು ಅವರನ್ನು ಕಾಪಾಡಿದರು. ಕಸ್ತೂರಬಾ ಅವರು ಪರದೇಶದಲ್ಲಿ ಕಾಲಿಟ್ಟ ಮೊದಲ ದಿನ ಹೀಗಿತ್ತು.

ಅಲ್ಲಿದ್ದ ಬಹುಪಾಲು ಭಾರತೀಯರು ವಕೀಲರಲ್ಲ, ಗಿರ್ಮಿಟಿಯಾಗಳು. ತರಗತಿಯಲ್ಲಿ 'ಗಿರ್ಮಿಟ್' ಎಂದೊಡನೆ ಹುಬ್ಬಳ್ಳಿಯ ಮಂಡಕ್ಕಿಯನ್ನು ನೆನೆದು ನೀವು ನಗುತ್ತಿದ್ದದ್ದು ನೆನಪಿದೆ. ಇದು 'ಅಗ್ರಿಮೆಂಟ್' ಎಂಬ ಪದ ಕೂಲಿಗಳ ಬಾಯಲ್ಲಿ ಪಡೆದ ರೂಪ. 1860ರಿಂದ ಕಬ್ಬಿನ ತೋಟಗಳ ದುಡಿಮೆಗಾಗಿ ಇವರನ್ನು ನಟಾಲಿಗೆ ಸಾಗಿಸಲಾಯಿತು. ನೂರು ಪುರುಷರಿಗೆ ನಲವತ್ತು ಸ್ತ್ರೀಯರನ್ನು ಕಳುಹಿಸಬೇಕೆಂಬ ನಿಯಮವಿತ್ತು. ಗಮನಿಸಿ: ಹೆಂಡತಿಯರನ್ನು ಎಂದಲ್ಲ, ಸ್ತ್ರೀಯರನ್ನು. ಆ ಲೆಕ್ಕದಲ್ಲಿ ಸಂಸಾರವೆಂಬ ಮಾತೇ ಇರಲಿಲ್ಲ.

ಕರಾರು ಮುಗಿದ ಮೇಲೆ ಈ ಜನ ಅಲ್ಲಿಯೇ ನೆಲೆ ನಿಲ್ಲತೊಡಗಿದಾಗ ಬಿಳಿಯರಿಗೆ ಕಳವಳವಾಯಿತು. ದುಡಿಯುವ ಕೈಗಳು ಬೇಕು, ಅವು ಬೇರೂರುವುದು ಬೇಡ. 1895ರ ಕಾನೂನಿನ ಪ್ರಕಾರ, ಮತ್ತೆ ಕರಾರಿಗೆ ಒಳಪಡದೆ, ಊರಿಗೂ ಹಿಂತಿರುಗದೆ ಉಳಿಯುವವರು ವರ್ಷಕ್ಕೆ ಮೂರು ಪೌಂಡ್ ತೆರಿಗೆ ಕೊಡಬೇಕಾಯಿತು. ಗಂಡನಿಗಷ್ಟೇ ಅಲ್ಲ, ಹೆಂಡತಿಗೂ, ಹದಿನಾರು ದಾಟಿದ ಗಂಡುಮಕ್ಕಳಿಗೂ, ಹದಿಮೂರು ದಾಟಿದ ಹೆಣ್ಣುಮಕ್ಕಳಿಗೂ ಪ್ರತ್ಯೇಕವಾಗಿ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬವಾದರೆ ವರ್ಷಕ್ಕೆ 12 ಪೌಂಡ್. ಗಂಡನ ಸರಾಸರಿ ಸಂಪಾದನೆ ತಿಂಗಳಿಗೆ 14 ಷಿಲಿಂಗ್‌ಗಿಂತ ಹೆಚ್ಚಿರಲಿಲ್ಲವೆಂದು ಗಾಂಧೀಜಿ ಬರೆದಿದ್ದಾರೆ. ಪೌಂಡಿಗೆ 20 ಷಿಲಿಂಗ್. ಲೆಕ್ಕ ಮಾಡಿ ನೋಡಿ. ಇಡೀ ವರ್ಷದ ದುಡಿಮೆಗೆ 8 ಪೌಂಡ್ 8 ಷಿಲಿಂಗ್, ತೆರಿಗೆ 12 ಪೌಂಡ್! ಸಂಸಾರ ಇಟ್ಟುಕೊಂಡದ್ದಕ್ಕೇ ವಿಧಿಸಿದ ದಂಡವಿದು.

ಇನ್ನು ಎರಡನೆಯ ಕಾರಣ. ಕೇಪ್ ಪ್ರಾಂತದಲ್ಲಿ ನೆಲೆಸಿದ್ದ ಭಾರತೀಯ ಮುಸಲ್ಮಾನರೊಬ್ಬರ ಪತ್ನಿ ಮರಿಯಮ್ ಬಾಯಿ. ಅಲ್ಲಿಯ ನಿವಾಸಿಯ ಪತ್ನಿಗೆ ಪ್ರವೇಶದ ಹಕ್ಕು ಇದ್ದರೂ ಈಕೆಗೆ ಅದನ್ನು ನಿರಾಕರಿಸಲಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಮಾಲ್ಕಂ ಸರ್ಲ್ ಅವರು ತೀರ್ಪಿತ್ತರು: ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಯನ್ನು ಆ ದೇಶದ ಕಾನೂನು ಮದುವೆಯೆಂದು ಒಪ್ಪುವುದಿಲ್ಲ. ಆ ಪುರುಷನಿಗೆ ಒಬ್ಬಳೇ ಹೆಂಡತಿಯೆಂಬುದು ಲೆಕ್ಕಕ್ಕೆ ಬರಲಿಲ್ಲ. ಹೀಗೆ ಒಂದೇ ತೀರ್ಪಿನಿಂದ ಸಪ್ತಪದಿ ತುಳಿದವರೂ ನಿಕಾಹ್ ಆದವರೂ ಕಾನೂನಿನ ಕಣ್ಣಿನಲ್ಲಿ ಗಂಡಹೆಂಡಿರಲ್ಲವೆಂದಾಯಿತು. ಅವರ ಮಕ್ಕಳ ಆಸ್ತಿಯ ಹಕ್ಕೂ ಅಲುಗಾಡಿತು. ಮೂವತ್ತು ವರ್ಷ ಸಂಸಾರ ಮಾಡಿದ್ದ ಕಸ್ತೂರಬಾ ಅವರೂ ಗಾಂಧೀಜಿಯವರ ಹೆಂಡತಿಯಾಗಿ ಉಳಿಯಲಿಲ್ಲ.

ಅದುವರೆಗೆ ಹೆಂಗಸರನ್ನು ಸತ್ಯಾಗ್ರಹಕ್ಕೆ ಕರೆಯಬಾರದೆಂದು ಗಾಂಧೀಜಿ ತೀರ್ಮಾನಿಸಿದ್ದರು. ಈಗ ಆ ತೀರ್ಮಾನ ಬದಲಾಯಿತು. ಆದರೂ ಪತ್ನಿಯನ್ನು ಕೇಳಲು ಅವರಿಗೆ ಸಂಕೋಚ. ತಾನು ಕೇಳಿದರೆ ಒಲ್ಲೆನೆನ್ನಲಾರಳು ಎಂಬ ಅಳುಕು. ಇತರರೊಡನೆ ನಡೆದ ಮಾತು ಕಿವಿಗೆ ಬಿದ್ದಾಗ, ತನ್ನನ್ನೇಕೆ ಬಿಟ್ಟಿರೆಂದು ಆಕೆಯೇ ಆಕ್ಷೇಪಿಸಿದರು. 1913ರ ಸೆಪ್ಟೆಂಬರ್ 15ರಂದು ಫೀನಿಕ್ಸ್ ಆಶ್ರಮದಿಂದ ಹದಿನಾರು ಜನರ ತಂಡ ಹೊರಟಿತು. ಅವರಲ್ಲಿ ಕಸ್ತೂರಬಾ ಸೇರಿ ನಾಲ್ವರು ಹೆಂಗಸರು. ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿದ್ದಕ್ಕಾಗಿ ಮೂರು ತಿಂಗಳ ಕಠಿಣ ಸಜೆಯಾಯಿತು. ಬಿಡುಗಡೆಯಾಗಿ ಬಂದಾಗ ಕಸ್ತೂರಬಾ ತೀರ ಕೃಶರಾಗಿದ್ದರು.

ಅತ್ತ ಟ್ರಾನ್ಸ್‌ವಾಲಿನ ತಮಿಳು ಹೆಂಗಸರು, ಕೆಲವರು ಕಂಕುಳಲ್ಲಿ ಕೂಸುಗಳನ್ನೆತ್ತಿಕೊಂಡೇ, ನ್ಯೂಕ್ಯಾಸಲ್ಲಿನ ಕಲ್ಲಿದ್ದಲ ಗಣಿಗಳಿಗೆ ಹೋಗಿ ಕಾರ್ಮಿಕರೊಡನೆ ಮಾತನಾಡಿದರು. ಗಣಿಗಳು ನಿಂತವು. ನವೆಂಬರ್ 6ರಂದು ಗಾಂಧೀಜಿಯವರ ಹಿಂದೆ ಗಡಿಯತ್ತ ನಡೆದವರು 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ಗಣಿಗಳನ್ನು ಬಿಟ್ಟು ಹೊರಟ ಆ ಜನರಲ್ಲಿ ಇಬ್ಬರು ತಾಯಂದಿರು ದಾರಿಯಲ್ಲಿಯೇ ತಮ್ಮ ಹಸುಗೂಸುಗಳನ್ನು ಕಳೆದುಕೊಂಡರು. ಒಂದು ಮಗು ಚಳಿಗಾಳಿಗೆ ಸಿಕ್ಕಿ ತೀರಿಕೊಂಡಿತು. ಇನ್ನೊಂದು ಹಳ್ಳ ದಾಟುವಾಗ ತಾಯಿಯ ತೋಳಿನಿಂದ ಜಾರಿ ನೀರುಪಾಲಾಯಿತು. ಆ ತಾಯಂದಿರು ಹಿಂತಿರುಗಲಿಲ್ಲ. ಸೆರೆಮನೆಯಲ್ಲಿ ಜ್ವರ ಹತ್ತಿಸಿಕೊಂಡು ಬಂದ ಹದಿನಾರರ ವಳ್ಳಿಯಮ್ಮ 1914ರ ಫೆಬ್ರವರಿ 22ರಂದು ಕಣ್ಣುಮುಚ್ಚಿದಳು. ನಮ್ಮ ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು ಅವಳದು. ಅವಳ ಹೆಸರನ್ನು ನಾನು ನಿಮಗೆ ಒಮ್ಮೆಯೂ ಬರೆಸಲಿಲ್ಲ.

1914ರಲ್ಲಿ ಭಾರತೀಯರ ಪರಿಹಾರ ಕಾಯಿದೆ ಬಂದಿತು. ಮೂರು ಪೌಂಡ್ ತೆರಿಗೆ ರದ್ದಾಯಿತು. ನಮ್ಮ ಪದ್ಧತಿಯಂತೆ ನಡೆದ ಮದುವೆಗಳಿಗೆ, ಒಬ್ಬಳು ಪತ್ನಿಯ ಮಟ್ಟಿಗೆ, ಮಾನ್ಯತೆ ದೊರೆಯಿತು. ಪೂರ್ಣ ನ್ಯಾಯವಲ್ಲ, ಹೊಸದಾಗಿ ಬರುವವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆದರೂ ಹೆಂಡತಿಯನ್ನು ಹೆಂಡತಿಯೆಂದು ಒಪ್ಪಿಸಿಕೊಂಡದ್ದು ಸಣ್ಣ ಗೆಲುವೇನಲ್ಲ.

ಉಳಿದ ದೇಶಗಳ ಕತೆಯೂ ಹೆಚ್ಚು ಭಿನ್ನವಲ್ಲ. ಕೆನಡಾದಲ್ಲಿ ದುಡಿಯುತ್ತಿದ್ದ ಪಂಜಾಬಿನ ಸಿಖ್ಖರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅನುಮತಿ ಸಿಕ್ಕಿದ್ದು 1919ರಲ್ಲಿ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿದ್ದ ಪಂಜಾಬಿಗಳಲ್ಲಿ ಅನೇಕರು ಊರಿನಿಂದ ಹೆಣ್ಣು ತರಲಾಗದೆ ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಅಮೆರಿಕದ ವಲಸೆ ಕಾನೂನು ನಮ್ಮವರ ಸಂಸಾರಗಳಿಗೆ ನಿಜವಾಗಿ ಬಾಗಿಲು ತೆರೆದದ್ದು 1965ರಲ್ಲಿ. ತೆರೆದ ಬಾಗಿಲು ಮತ್ತೆ ಮುಚ್ಚುವುದೂ ಉಂಟು. ಬ್ರಿಟನ್ನಿಗೆ ಓದಲು ಹೋಗುವವರಲ್ಲಿ, ಸಂಶೋಧನಾ ವಿದ್ಯಾರ್ಥಿಗಳಂಥ ಕೆಲವರನ್ನು ಬಿಟ್ಟು, ಉಳಿದವರು ಪತಿ, ಪತ್ನಿ, ಮಕ್ಕಳನ್ನು ಅವಲಂಬಿತರೆಂದು ಕರೆದೊಯ್ಯುವುದು 2024ರ ಜನವರಿಯಿಂದ ನಿಂತಿತು. ಬೇರೆ ಬೇರೆ ಕಾಲ, ಬೇರೆ ಬೇರೆ ಸರ್ಕಾರ. ಆದರೆ ದುಡಿಮೆಯೋ ಶುಲ್ಕವೋ ಬೇಕು, ಸಂಸಾರ ಬೇಡ ಎಂಬ ಹಳೆಯ ಲೆಕ್ಕದ ನೆರಳು ನನಗೆ ಅಲ್ಲಲ್ಲಿ ಕಾಣುತ್ತದೆ.

ಈ ಮಾತು ತಿಳಿಯಲು ನಾನು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಕರಾವಳಿಯ ಶಾಲೆಯಲ್ಲಿ ದಾಖಲಾತಿ ಪುಸ್ತಕದ 'ತಂದೆಯ ಉದ್ಯೋಗ' ಎಂಬ ಕಡೆ ಎಷ್ಟೋ ಮಕ್ಕಳು 'ಗಲ್ಫ್' ಎಂದಷ್ಟೇ ಬರೆಸುತ್ತಿದ್ದರು. ಇಂತಿಷ್ಟು ಸಂಬಳವಿದ್ದರೆ ಮಾತ್ರ ಸಂಸಾರಕ್ಕೆ ವೀಸಾ ಎಂಬುದು ಅಲ್ಲಿಯ ಹಲವು ದೇಶಗಳ ನಿಯಮ. ಹಾಗಾಗಿ ಸಣ್ಣ ಕೆಲಸದವರ ಮಕ್ಕಳು ಅಪ್ಪನನ್ನು ಕಾಣುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ.

ಸಾಕ್ಷಿ ಸಹಿಗೆ ಬಂದನಲ್ಲ, ಅವನೂ ಅಂಥ ಮಕ್ಕಳಲ್ಲಿ ಒಬ್ಬ. ಎಂಟನೆಯ ತರಗತಿಯಲ್ಲಿದ್ದಾಗ ಪ್ರಗತಿ ಪತ್ರದಲ್ಲಿ ತಂದೆಯ ಸಹಿಯನ್ನು ತಾನೇ ಹಾಕಿ ತಂದಿದ್ದ. ಎಲ್ಲರೆದುರು ನಿಲ್ಲಿಸಿ ಬೈದೆ. "ಅಪ್ಪನಿಂದಲೇ ಸಹಿ ಹಾಕಿಸಿಕೊಂಡು ಬಾ" ಎಂದೆ. "ಅಪ್ಪ ಬರುವುದು ಮುಂದಿನ ವರ್ಷ ಸರ್" ಎಂದು ತಲೆತಗ್ಗಿಸಿ ನಿಂತಿದ್ದ. ಅದೇ ವಾರವೋ ಅದರ ಮುಂದಿನ ವಾರವೋ ನಾನು ಅದೇ ತರಗತಿಗೆ ದಕ್ಷಿಣ ಆಫ್ರಿಕಾದ ಪಾಠ ಮಾಡಿರಬೇಕು. ಪಾಠವೂ ಹುಡುಗನೂ ಒಂದೇ ಕೋಣೆಯಲ್ಲಿದ್ದರೂ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಈ ಮೇಷ್ಟರಿಗೆ ಅಂದು ಬರಲಿಲ್ಲ.

ಈಗ ಅದನ್ನು ನೆನಪಿಸಿ, "ಅಂದು ಬೈಯಬಾರದಿತ್ತು" ಎಂದೆ. "ಬಿಡಿ ಸರ್, ನನಗೆ ಮರೆತೇ ಹೋಗಿದೆ" ಎಂದ. ಮರೆತಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಹೇಳಿದ: "ನನ್ನ ಮಕ್ಕಳ ಪ್ರಗತಿ ಪತ್ರಕ್ಕೆ ನಾನೇ ಸಹಿ ಹಾಕಬೇಕು ಸರ್, ಅದಕ್ಕೇ ಇಷ್ಟೆಲ್ಲ ಓಡಾಟ." ನಾನು ಸಹಿ ಹಾಕಿಕೊಟ್ಟೆ.

ಹೊರದೇಶಕ್ಕೆ ಹೊರಟ ಮಕ್ಕಳಿಗೆ ಎರಡು ಮಾತು. ಕಾಗದಪತ್ರಗಳಿಗೆ ಬೇಸರಿಸಬೇಡಿ, ಮದುವೆಯಾದ ಕೂಡಲೇ ನೋಂದಣಿ ಮಾಡಿಸಿ. ಆ ಕಾಗದದ ಮೇಲೆ 'ಪತ್ನಿ' ಎಂದು ಬರೆಸಿಕೊಳ್ಳಲು ಒಂದು ತಲೆಮಾರು ಸೆರೆಮನೆಗೆ ಹೋಗಿದೆ. ಇನ್ನೊಂದು ಮಾತು, ಸ್ವಾರ್ಥದ್ದು. ಗಾಂಧೀಜಿಯವರು ಸಂಸಾರವೆಂದು ಹಡಗು ಹತ್ತಿಸಿದವರಲ್ಲಿ ಅಕ್ಕನ ಮಗನೂ ಇದ್ದ. ಇಂದಿನ ವೀಸಾ ಅರ್ಜಿಗಳಲ್ಲಿ ಸಾಮಾನ್ಯವಾಗಿ ಸಂಸಾರವೆಂದರೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು. ಅಜ್ಜ ಅಜ್ಜಿಯರಿಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಅರ್ಜಿಯಲ್ಲಿ ಬರೆಯಲಾಗದವರನ್ನು ಭಾನುವಾರದ ಫೋನಿನಲ್ಲಾದರೂ ಸೇರಿಸಿಕೊಳ್ಳಿ.

ನಿಮ್ಮ ಮನೆಗಳಲ್ಲಿಯೂ ಇಂಥ ಅನುಭವಗಳಿದ್ದರೆ ಬರೆದು ತಿಳಿಸಿ. ನಾನು ಬರೆಸದೆ ಬಿಟ್ಟ ಟಿಪ್ಪಣಿಗಳನ್ನು ನಿಮ್ಮಿಂದಲೇ ಪೂರ್ತಿ ಮಾಡಿಸಿಕೊಳ್ಳುವ ವಯಸ್ಸು ನನ್ನದು.