ತರಗತಿಯಲ್ಲಿ ತಂತ್ರಜ್ಞಾನ ಸಾಧನಗಳ ಬಳಕೆ

ಪಠ್ಯಪುಸ್ತಕದ ಪುಟಗಳಲ್ಲಿ ಅಚ್ಚಾಗಿರುವ ಕಪ್ಪು-ಬಿಳುಪಿನ ಚೌಕವೇ ಕ್ಯೂಆರ್ ಕೋಡ್. ‘ದೀಕ್ಷಾ’ ಆ್ಯಪ್ ಇರುವ ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಈ ವೇದಿಕೆಯಲ್ಲಿ ಕನ್ನಡದ ಪಾಠಗಳೂ ಲಭ್ಯವಿವೆ. ಅವುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಅಂತರ್ಜಾಲವಿಲ್ಲದ ಊರಿನಲ್ಲಿಯೂ ಬಳಸಬಹುದು.

ಆದರೆ ವಿಡಿಯೊ ತೋರಿಸಿದ ಮಾತ್ರಕ್ಕೆ ಕಲಿಕೆಯಾಗದು. ಹೃದಯದ ಪಾಠ ನಡೆಯುವಾಗ ಶಿಕ್ಷಕರು ಚಿತ್ರವನ್ನು ನಡುವೆ ನಿಲ್ಲಿಸಿ, ‘ಎಡ ಹೃತ್ಕುಕ್ಷಿ ಸಂಕುಚಿಸಿದರೆ ರಕ್ತ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಬೇಕು. ಮಕ್ಕಳು ಉತ್ತರ ಬರೆದ ಬಳಿಕವೇ ಚಿತ್ರ ಮುಂದುವರಿಯಬೇಕು. ಆಗ ಮಕ್ಕಳು ನೋಡುವುದರ ಜೊತೆಗೆ ಯೋಚಿಸುತ್ತಾರೆ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ, ಮನೆಯಲ್ಲಿ ಮೊಬೈಲ್ ಇಲ್ಲದ ಅನೇಕ ಮಕ್ಕಳು ಪಾಠದಿಂದ ದೂರ ಉಳಿದರು. ತರಗತಿಯ ಪರದೆ ಒಂದೇ ಇದ್ದರೂ ಅದು ಎಲ್ಲ ಮಕ್ಕಳಿಗೂ ಸೇರಿದ್ದು. ಆದುದರಿಂದ ಮೊಬೈಲಿನಲ್ಲಿಯೇ ಮಾಡಬೇಕಾದ ಗೃಹಪಾಠವನ್ನು ಕೊಡದೆ, ಅಂತಹ ಕಲಿಕೆಯನ್ನು ಶಾಲೆಯಲ್ಲಿಯೇ ಪೂರೈಸುವುದು ಲೇಸು. ಉಳ್ಳವರ ಮಕ್ಕಳಿಗೆ ದೊರೆತುದು ಇಲ್ಲದವರ ಮಕ್ಕಳಿಗೂ ದೊರೆಯುವಂತೆ ನೋಡಿಕೊಳ್ಳಬೇಕೆಂದು ಶಿಕ್ಷಕ ಬಂಧುಗಳಲ್ಲಿ ವಿನಂತಿಸುತ್ತೇವೆ.