ಲಿನಾಕ್‌ಗಳ ಸ್ವಯಂಚಾಲಿತ ತಪಾಸಣೆ ಮತ್ತು ಬೆಂಗಳೂರಿನ ಗಾಳಿಯ ಒತ್ತಡ

ಬಸವನಗುಡಿಯ ಶಂಕರಮಠದ ಆವರಣದಲ್ಲಿರುವ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ, ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಸೇರಿದಂತೆ ಬೆಂಗಳೂರಿನ ವಿಕಿರಣ ಚಿಕಿತ್ಸಾ ಕೇಂದ್ರಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಮಂಗಳೂರಿನ ಕಡಲತೀರದಲ್ಲಿ 1010ರ ಆಸುಪಾಸು. ವಿಕಿರಣ ಚಿಕಿತ್ಸೆ ಕೊಡುವ ಲಿನಾಕ್ ಯಂತ್ರಗಳ ಸ್ವಯಂಚಾಲಿತ ತಪಾಸಣೆ ಎಲ್ಲಿಯವರೆಗೆ ಸಾಕು, ಎಲ್ಲಿ ಸಾಲದು ಎಂಬುದನ್ನು ಈ ಅಂತರವನ್ನೇ ಇಟ್ಟುಕೊಂಡು ವಿವೇಚಿಸಬಹುದು.

ಬೆಳಿಗ್ಗೆ ಮೊದಲ ರೋಗಿ ಒಳಬರುವ ಮುನ್ನ ಲೇಸರ್ ಗೆರೆ, ಬಾಗಿಲಿನ ಇಂಟರ್‌ಲಾಕ್, ಡೋಸಿನ ಪ್ರಮಾಣ ಇವನ್ನೆಲ್ಲ ನೋಡುವುದು ಕಡ್ಡಾಯ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2009ರಲ್ಲಿ ಪ್ರಕಟಿಸಿದ ಟಿಜಿ-142 ವರದಿಯಂತೆ ಎಕ್ಸ್-ಕಿರಣದ ಡೋಸು ದೈನಿಕ ಪರೀಕ್ಷೆಯಲ್ಲಿ ಶೇ 3, ಮಾಸಿಕದಲ್ಲಿ ಶೇ 2, ವಾರ್ಷಿಕದಲ್ಲಿ ಶೇ 1ಕ್ಕಿಂತ ಹೆಚ್ಚು ಆಚೀಚೆ ಆಗಕೂಡದು. ವೇರಿಯನ್ ಕಂಪನಿಯ ಟ್ರೂಬೀಮ್ ಯಂತ್ರದಲ್ಲಿರುವ ಮಷೀನ್ ಪರ್ಫಾರ್ಮೆನ್ಸ್ ಚೆಕ್ ಈ ಕೆಲಸದ ಒಂದು ಭಾಗವನ್ನು ತಾನೇ ಮಾಡುತ್ತದೆ. ರೋಗಿಯನ್ನು ಮಲಗಿಸುವ ಕೌಚ್‌ಗೆ ಅಳತೆಗೆ ಬಳಸುವ ಪುಟ್ಟ ಫ್ಯಾಂಟಮ್ ಸಿಕ್ಕಿಸಿದರೆ ಸಾಕು. ಯಂತ್ರದ ತಿರುಗುವ ತೋಳಾದ ಗ್ಯಾಂಟ್ರಿ ಸುತ್ತುತ್ತ ಚಿತ್ರ ತೆಗೆದು ಐಸೊಸೆಂಟರ್ (ಕಿರಣಗಳು ಕೂಡುವ ಬಿಂದು), ಕಿರಣಕ್ಕೆ ಆಕಾರ ಕೊಡುವ ಕೊಲಿಮೇಟರ್ ಎಲೆಗಳ ಸ್ಥಾನ, ಕೌಚ್‌ನ ಚಲನೆಗಳನ್ನು ಕೆಲವೇ ನಿಮಿಷಗಳಲ್ಲಿ ಅಳೆದು ತೋರಿಸುತ್ತದೆ. ಮಿಲಿಮೀಟರಿನ ಭಾಗದಷ್ಟು ಜಾರಿದರೂ ಅದಕ್ಕೆ ಗೊತ್ತಾಗುತ್ತದೆ. ಇಷ್ಟು ಸೂಕ್ಷ್ಮವಾಗಿ ಪ್ರತಿದಿನ ಕೈಯಿಂದ ಅಳೆಯುವುದು ಯಾವ ವಿಭಾಗಕ್ಕೂ ಆಗದ ಮಾತು.

ಡೋಸಿನ ವಿಷಯ ಬೇರೆ. ಆಧಾರವೆಂದು ಗೊತ್ತುಮಾಡಿದ ದಿನಕ್ಕೆ ಹೋಲಿಸಿ ಇವತ್ತು ಎಷ್ಟು ಬದಲಾಗಿದೆ ಎಂದಷ್ಟೇ ತಪಾಸಣೆ ಹೇಳಬಲ್ಲದು. ಆ ದಿನವೇ ಡೋಸು ತಪ್ಪಿದ್ದರೆ ಮುಂದೆ ದಿನವೂ ಪರೀಕ್ಷೆ ಪಾಸಾಗುತ್ತಲೇ ಹೋಗುತ್ತದೆ. ಆಧಾರ ನಿಲ್ಲುವುದು ನೀರಿನ ಫ್ಯಾಂಟಮ್‌ನಲ್ಲಿಟ್ಟ ವಿಕಿರಣ ಅಳೆಯುವ ಅಯಾನ್ ಚೇಂಬರಿನ ಅಳತೆಯ ಮೇಲೆ. ಈ ಚೇಂಬರಿನ ಒಳಗಾಳಿ ಹೊರಗಾಳಿಗೆ ತೆರೆದುಕೊಂಡಿರುತ್ತದೆ. ಗಾಳಿ ವಿರಳವಾದಷ್ಟೂ ಅದು ತೋರಿಸುವ ವಿದ್ಯುದಾವೇಶ ಕಡಿಮೆ. ಹಾಗಾಗಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಟಿಆರ್‌ಎಸ್-398 ವಿಧಾನದಲ್ಲಿ ಓದಿದ ಅಂಕಿಯನ್ನು 20 ಡಿಗ್ರಿ ಸೆಲ್ಸಿಯಸ್, 1013.25 ಹೆಕ್ಟೋಪಾಸ್ಕಲ್‌ಗೆ ಹೊಂದಿಸಿ ತಿದ್ದುತ್ತಾರೆ. ಕೋಣೆಯಲ್ಲಿ 22 ಡಿಗ್ರಿ, ಒತ್ತಡ 910 ಇದ್ದರೆ ತಿದ್ದುಪಡಿಯ ಗುಣಕ 1.12. ಹವಾಮಾನ ವರದಿಗಳು ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕಹಾಕಿದ ಒತ್ತಡ. ಅದನ್ನು ನಂಬಿ 1013 ಎಂದು ಬರೆದುಕೊಂಡರೆ ಗುಣಕ 1.007ಕ್ಕೆ ಇಳಿಯುತ್ತದೆ. ಯಂತ್ರ ಕಡಿಮೆ ಕೊಡುತ್ತಿದೆಯೆಂದು ತಿಳಿದು ಡೋಸು ಏರಿಸಿದರೆ ರೋಗಿಗೆ ಬೀಳುವುದು ಶೇ 11ರಷ್ಟು ಹೆಚ್ಚು. ಚಿಕಿತ್ಸೆಯಲ್ಲಿ ಒಟ್ಟಾರೆ ಶೇ 5ರೊಳಗಿನ ನಿಖರತೆ ಬೇಕೆಂಬುದು ದಶಕಗಳ ಒಮ್ಮತ. ಈ ತಪ್ಪು ಮಂಗಳೂರಿನಲ್ಲಿ ಆದರೆ ಲೆಕ್ಕಕ್ಕೇ ಬಾರದು. ಬೆಂಗಳೂರಿನಲ್ಲಿ ಅದು ಕರುಳು, ಮೂತ್ರಕೋಶಗಳಿಗೆ ಶಾಶ್ವತ ಹಾನಿ ಮಾಡಬಲ್ಲದು.

ಇನ್ನೊಂದು ಮಗ್ಗುಲೂ ಇದೆ. ಹಲವು ಲಿನಾಕ್‌ಗಳ ಒಳಗೆ ಡೋಸನ್ನು ಅಳೆಯುವ ಮಾನಿಟರ್ ಚೇಂಬರ್ ಗಾಳಿಯಾಡದಂತೆ ಮುಚ್ಚಿದ್ದು, ಹೊರಗಿನ ಒತ್ತಡ ಅದನ್ನು ತಟ್ಟುವುದಿಲ್ಲ. ಮುಚ್ಚಿಗೆ ಸೋರತೊಡಗಿದರೆ ಡೋಸು ದಿನೇದಿನೇ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಒಂದೊಂದು ದಿನದ ಅಂಕಿ ಶೇ 3ರ ಒಳಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ತಿಂಗಳುಗಳ ರೇಖಾಚಿತ್ರ ಮಾತ್ರ ಅದನ್ನು ಹಿಡಿಯುತ್ತದೆ. ಸ್ವಯಂಚಾಲಿತ ದಾಖಲೆಯ ನಿಜವಾದ ಉಪಯೋಗ ಇಲ್ಲಿದೆ ಎಂದು ನನಗೆ ತೋರುತ್ತದೆ.

ಆಧಾರದ ಅಳತೆಗೆ ಹೊರಗಿನ ಸಾಕ್ಷಿಯೇ ಬೇಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಡೋಸಿಮೀಟರ್‌ಗಳನ್ನು ಅಂಚೆಯಲ್ಲಿ ಕಳಿಸಿ ಆಸ್ಪತ್ರೆಗಳ ಡೋಸನ್ನು ಪರಿಶೀಲಿಸುತ್ತ ಬಂದಿವೆ. ನಮ್ಮಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇಂಥ ಪರಿಶೀಲನೆ ನಡೆಸಿದೆ. ಇದರ ಜೊತೆಗೆ, ಬೆಂಗಳೂರಿನ ಪ್ರತಿ ವಿಭಾಗದ ತಂತ್ರಾಂಶದಲ್ಲಿ ಒತ್ತಡದ ಅಂಕಿ 900ರಿಂದ 925ರ ಆಚೆಗೆ ಬಿದ್ದ ಕೂಡಲೇ ಲೆಕ್ಕ ನಿಲ್ಲಿಸುವ ಒಂದು ಸಾಲಿನ ಸೂಚನೆ ಸೇರಿಸಬೇಕು. ಬ್ಯಾರೊಮೀಟರಿನ ಕೊನೆಯ ಕ್ಯಾಲಿಬ್ರೇಷನ್ ದಿನಾಂಕವನ್ನೂ ಅದೇ ದಾಖಲೆಯಲ್ಲಿ ಬರೆಯಬೇಕು.